ಮುನಿದವರ ಸಾಕ್ಷಿ

ಆಟಿಯ ಮಳೆಯು ಪುತ್ತೂರಿನಲ್ಲಿ ಒಮ್ಮೆ ಹಿಡಿದುಕೊಂಡಿತೆಂದರೆ ಮಧ್ಯಾಹ್ನಕ್ಕೂ ಮುಸ್ಸಂಜೆಗೂ ಬೆಳಕಿನಲ್ಲಿ ಭೇದವುಳಿಯುವುದಿಲ್ಲ. ಅಂಥದೊಂದು ಮಧ್ಯಾಹ್ನ, ಜಾರದಿರಲೆಂದು ಅಂಗಳದುದ್ದಕ್ಕೂ ಹಾಸಿದ ಅಡಿಕೆಯ ಸೋಗೆಗಳ ಮೇಲೆ ಎಚ್ಚರದಿಂದ ಕಾಲಿಡುತ್ತ, ಒಂದು ಕೈಯಲ್ಲಿ ಕೊಡೆಯನ್ನೂ ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಟ್ಟ ಕಡತವೊಂದನ್ನೂ ಹಿಡಿದು, ಸುಳ್ಯದಾಚೆಯ ಅರಂತೋಡು ಕಡೆಯ ಹುಡುಗಿಯೊಬ್ಬಳು ನಮ್ಮ ಮನೆಯ ಜಗಲಿಯನ್ನೇರಿ ಬಂದಳು. ಜಾಲ್ಸೂರು, ಕಾವು, ಕುಂಬ್ರಗಳನ್ನು ಹಾದು ಬರುವ ಬಸ್ಸಿನಲ್ಲಿ ಉದ್ದಕ್ಕೂ ನಿಂತೇ ಬಂದಿದ್ದಳಂತೆ. ಚೂಡಿದಾರದ ಅಂಚು ಮೊಣಕಾಲಿನವರೆಗೆ ಒದ್ದೆಯಾಗಿದ್ದಿತಾದರೂ ಕಡತದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಅವಳ ತಂದೆ ನನ್ನ ಹಳೆಯ ವಿದ್ಯಾರ್ಥಿ. ಹಿಂದಿನ ದಿನವೇ ಫೋನು ಮಾಡಿ, “ಮಗಳಿಗೆ ಒಂದು ಕಾಗದದ ತೊಂದರೆ ಉಂಟು ಸರ್, ನೀವೊಮ್ಮೆ ನೋಡಬೇಕು” ಎಂದಿದ್ದ. ನಮ್ಮ ಕಡೆಯ ತೋಟದವರ ಬಾಯಲ್ಲಿ ಕಾಗದದ ತೊಂದರೆಯೆಂದರೆ ಪಹಣಿ, ಪ್ಲಾಟಿಂಗ್, ಇಲ್ಲವೆ ಸೊಸೈಟಿಯ ಸಾಲ; ನಾನೂ ಹಾಗೆಯೇ ತಿಳಿದಿದ್ದೆನು.

ತೊಂದರೆ ಬೇರೆಯದಾಗಿತ್ತು. ಎಂ.ಎಸ್ಸಿ. ಮುಗಿಸಿದ ಮೇಲೆ ಅವಳು ದೂರದ ನಗರವೊಂದರ ಪ್ರಯೋಗಶಾಲೆಯಲ್ಲಿ ಎರಡೂವರೆ ವರ್ಷ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ದುಡಿದಿದ್ದಳು. ವಿಷಯವು ಅಡಿಕೆಯ ಹಳದಿ ಎಲೆ ರೋಗ. ಸಂಪಾಜೆ, ಅರಂತೋಡು, ತೊಡಿಕಾನಗಳ ತೋಟಗಳನ್ನು ಕಂಡವರಿಗೆ ಆ ರೋಗವನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಒಂದು ಕಾಲಕ್ಕೆ ನೆಲಕ್ಕೆ ಬಿಸಿಲು ಬೀಳದಂತಿದ್ದ ತೋಟಗಳು ಇಂದು ಹಳದಿ ಶಿರಗಳ ವಿರಳ ಕಂಬಗಳಾಗಿ ನಿಂತು, ನಡುನಡುವೆ ರಬ್ಬರು ಕಾಫಿಗಳಿಗೆ ಎಡೆಮಾಡಿಕೊಟ್ಟಿವೆ. ಫೈಟೋಪ್ಲಾಸ್ಮವೆಂಬ, ಕೋಶಭಿತ್ತಿಯೇ ಇಲ್ಲದ ಸೂಕ್ಷ್ಮಜೀವಿಯೊಂದು ಆ ರೋಗದ ಬೆನ್ನಿಗಿದೆ ಎಂಬುದನ್ನು ವಿಜ್ಞಾನಿಗಳು ಕಂಡುಕೊಂಡಿದ್ದಾರೆ; ಕಂಡುಕೊಂಡ ಮಾತ್ರಕ್ಕೆ ಮದ್ದು ಸಿಕ್ಕಿಲ್ಲ. ತನ್ನ ಮನೆಯ ತೋಟವನ್ನು ತಿಂದ ರೋಗವನ್ನೇ ಸೂಕ್ಷ್ಮದರ್ಶಕದ ಕೆಳಗಿಡಬೇಕೆಂದು ಹೊರಟ ಹುಡುಗಿ ಇವಳು. ಈಗ ಜರ್ಮನಿಯಲ್ಲಿ ಪಿಎಚ್.ಡಿ.ಗೆ ಅರ್ಜಿ ಹಾಕುತ್ತಿದ್ದಾಳೆ. ಅಲ್ಲಿಯವರು ಮೂರು ಶಿಫಾರಸು ಪತ್ರಗಳನ್ನು ಕೇಳುತ್ತಾರೆ. ಅವುಗಳಲ್ಲೊಂದು ಇತ್ತೀಚಿನ ಸಂಶೋಧನೆಯ ಮೇಲ್ವಿಚಾರಕರದೇ ಆಗಿರಬೇಕು.

“ಗೈಡಿನ ಹತ್ತಿರ ನನಗೆ ಮಾತಿಲ್ಲ ಸರ್. ಎಂಟು ತಿಂಗಳಾಯಿತು. ಈಗ ಹೋಗಿ ಲೆಟರ್ ಕೊಡಿ ಅಂತ ಯಾವ ಮುಖದಲ್ಲಿ ಕೇಳುವುದು?”

ಮುನಿಸಿನ ಮೂಲವನ್ನು ಅವಳು ಕಡತದಿಂದ ತೆಗೆದು ನನ್ನ ಮುಂದಿಟ್ಟಳು. ಅದು ಜೆಲ್ಲಿನ ಒಂದು ಛಾಯಾಚಿತ್ರ: ಕಪ್ಪು ಹಿನ್ನೆಲೆಯಲ್ಲಿ ಸಾಲಾಗಿ ಮೂಡಿದ ಬಿಳಿಯ ಪಟ್ಟಿಗಳು, ಏಣಿಯ ಮೆಟ್ಟಿಲುಗಳಂತೆ. ರೋಗ ತಗುಲಿದ ಮರದ ಮಾದರಿಯಲ್ಲಿ ಪಟ್ಟಿ ಮೂಡಬೇಕು, ಆರೋಗ್ಯದ ಮರದಲ್ಲಿ ಮೂಡಬಾರದು. ಆದರೆ ಹೊರನೋಟಕ್ಕೆ ಹಸುರಾಗಿಯೇ ಇದ್ದ ಎರಡು ಮರಗಳ ಮಾದರಿಗಳಲ್ಲೂ ಪಟ್ಟಿ ಮೂಡಿತ್ತು. ಅವೆರಡನ್ನೂ ಲೆಕ್ಕದಿಂದ ಬಿಟ್ಟುಬಿಡೆಂದು ಗೈಡು ಹೇಳಿದರು; ರೋಗಲಕ್ಷಣ ತೋರುವ ಮೊದಲೇ ಮರದೊಳಗೆ ರೋಗಾಣು ನೆಲಸಿರುವುದಕ್ಕೆ ಇದೇ ಸಾಕ್ಷಿಯಲ್ಲವೆ ಎಂದು ಇವಳು ವಾದಿಸಿದಳು. ವಾದವು ಅವರ ಕೊಠಡಿಯಲ್ಲಿ ನಡೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಅದು ನಡೆದುದು ಪ್ರಯೋಗಶಾಲೆಯ ವಾರದ ಸಭೆಯಲ್ಲಿ, ಹನ್ನೊಂದು ಜನರ ಎದುರಿನಲ್ಲಿ. ಅದೇ ರಾತ್ರಿ ಇವಳು ಉದ್ದವಾದ ಮೈಲ್ ಒಂದನ್ನು ಬರೆದು, ಅದರ ಪ್ರತಿಯನ್ನು ವಿಭಾಗದ ಮುಖ್ಯಸ್ಥರಿಗೂ ಕಳುಹಿಸಿದಳು. ಮರುದಿನದಿಂದ ಗೈಡು ಮಾತು ಬಿಟ್ಟರು. ಪ್ರಬಂಧ ಅಚ್ಚಾದಾಗ ಇವಳ ಹೆಸರು ಮೊದಲನೆಯ ಸ್ಥಾನದಿಂದ ಮೂರನೆಯದಕ್ಕೆ ಇಳಿದಿತ್ತು.

ನಾನು ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿ ಆ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದೆನು. ಕೊನೆಯ ಸಾಲಿನಲ್ಲಿ, ಏನನ್ನೂ ಹಾಕದೆ ಬರಿಯ ನೀರಿಟ್ಟು ಓಡಿಸಿದ ಕಡೆ, ಅತ್ಯಂತ ತೆಳುವಾಗಿ, ಉಸಿರು ತಾಗಿದ ಗಾಜಿನ ಮೇಲಣ ಮಬ್ಬಿನಂತೆ, ಒಂದು ಪಟ್ಟಿಯಿದ್ದಿತು. “ಇದೇನು?” ಎಂದೆನು. ಅವಳು ಕ್ಷಣ ಹೊತ್ತು ಸುಮ್ಮನಿದ್ದು, “ನೆಗೆಟಿವ್ ಕಂಟ್ರೋಲ್ ಸರ್. ಅದರಲ್ಲಿಯೂ ಸ್ವಲ್ಪ ಬಂದಿದೆ” ಎಂದಳು. ಹಾಗಾದರೆ ಮಾದರಿಗಳು ಒಂದಕ್ಕೊಂದು ತಾಗಿ ಕಲಬೆರಕೆಯಾಗಿರುವ ಸಂಭವವುಂಟು; ಗೈಡಿನ ಮಾತಿಗೂ ಆಧಾರವಿದ್ದಿತು. ಅವರು ಅದನ್ನು ವಿವರಿಸಿ ಹೇಳಬಹುದಾಗಿತ್ತು, ಇವಳು ಮಾದರಿಗಳನ್ನು ಹೊಸದಾಗಿ ತಂದು ಇನ್ನೊಮ್ಮೆ ಓಡಿಸೋಣವೆನ್ನಬಹುದಾಗಿತ್ತು, ಎರಡೂ ಆಗಲಿಲ್ಲ. ಜಗಳಗಳಲ್ಲಿ ಬಹುಪಾಲು ಹೀಗೆ ಮರುಪರೀಕ್ಷೆಗೆ ಅರ್ಧ ದಿನ ಸಾಲದೆ ಹುಟ್ಟಿದವು.

ಒಳಗಿನಿಂದ ಕಷಾಯ ಬಂತು. ಅವಳು ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಕುಡಿಯದೆ, ಬೆಚ್ಚಗೆ ಮಾಡಿಕೊಳ್ಳುತ್ತ ಕುಳಿತಳು. ನಾನು ಆ ಪತ್ರವೆಂಬ ವಸ್ತುವನ್ನು ಕುರಿತು ಯೋಚಿಸತೊಡಗಿದೆನು.

ನಮ್ಮ ಸಂಕಟಕ್ಕೆ ಅರ್ಧ ಕಾರಣ ನಾವು ಅದಕ್ಕಿಟ್ಟ ಹೆಸರೇ ಎಂದು ನನಗೆ ಅನೇಕ ಸಲ ತೋರಿದೆ. ಶಿಫಾರಸು ಎಂಬ ಮಾತು ಪಾರಸಿಯಿಂದ ಬಂದುದು. ದೊಡ್ಡವರ ಬಳಿ ಚಿಕ್ಕವರ ಪರವಾಗಿ ಒಂದು ಮಾತು ಆಡುವುದು ಅದರ ಅಭಿಪ್ರಾಯ. ಅದರ ಬೆನ್ನ ಹಿಂದೆಯೇ ವಶೀಲಿ ಎಂಬ ಇನ್ನೊಂದು ಮಾತು ಕಚೇರಿಗಳ ಜಗಲಿಯಲ್ಲಿ ಓಡಾಡುತ್ತಿರುವುದರಿಂದ, ಶಿಫಾರಸು ಕೇಳುವುದೆಂದರೆ ಕೃಪೆಯನ್ನು ಬೇಡುವುದೆಂದೂ, ಕೊಡುವುದೆಂದರೆ ಕೃಪೆ ಮಾಡುವುದೆಂದೂ ಎರಡು ಪಕ್ಷದವರೂ ಭಾವಿಸಿದ್ದಾರೆ. ಕೃಪೆಯು ಪ್ರೀತಿಯಿರುವಲ್ಲಿ ಮಾತ್ರ ಹರಿಯುವಂಥದು. ಆದುದರಿಂದ ಮುನಿದವರಿಂದ ಅದನ್ನು ಕೇಳುವುದು ನಾಚಿಕೆಗೇಡೆಂದು ವಿದ್ಯಾರ್ಥಿಗೂ, ಕೊಡದಿರುವುದು ತನ್ನ ಹಕ್ಕೆಂದು ಗುರುವಿಗೂ ಅನಿಸುವುದರಲ್ಲಿ ಆಶ್ಚರ್ಯವಿಲ್ಲ. ಇನ್ನು ಕೆಲವರು ಅದನ್ನು ಜಾಮೀನೆಂದು ತಿಳಿಯುವುದುಂಟು. ಮೊಳಹಳ್ಳಿ ಶಿವರಾಯರ ಕಾಲದಿಂದ ಸಹಕಾರ ಸಂಘಗಳ ನೆರಳಿನಲ್ಲಿ ಬೆಳೆದುಬಂದ ಈ ಸೀಮೆಯಲ್ಲಿ ಜಾಮೀನೆಂದರೆ ಏನೆಂಬುದನ್ನು ಎಲ್ಲರೂ ಬಲ್ಲರು: ಸಾಲಗಾರ ಕೈಕೊಟ್ಟರೆ ಸಹಿ ಹಾಕಿದವನ ಅಡಿಕೆಗೆ ಕುತ್ತು. ಪತ್ರ ಬರೆಯುವ ಗುರುವು ಅಂಥ ಯಾವ ಹೊಣೆಯನ್ನೂ ಹೊರುವುದಿಲ್ಲ.

ನನ್ನ ಮಟ್ಟಿಗೆ ಅದು ಸಾಕ್ಷ್ಯ, ಬೇರೇನೂ ಅಲ್ಲ. ಇಂಥವನು ಇಂಥ ದಿನದಿಂದ ಇಂಥ ದಿನದವರೆಗೆ ನನ್ನ ಕಣ್ಣೆದುರಿನಲ್ಲಿ ಇಂಥ ಕೆಲಸವನ್ನು ಇಂಥ ರೀತಿಯಿಂದ ಮಾಡಿದನು ಎಂದು ನೋಡಿದವರು ನುಡಿಯುವ ಮಾತು. ಗಡಿಕಲ್ಲಿನ ವ್ಯಾಜ್ಯದಲ್ಲಿ ಪಕ್ಕದ ಜಾಗದವನ ಹೇಳಿಕೆ ಬೇಕಾದಾಗ, ಅವನೊಡನೆ ನಮಗೆ ಮಾತಿಲ್ಲವೆಂದು ಯಾರೂ ಸುಮ್ಮನಿರುವುದಿಲ್ಲ. ಕಲ್ಲು ನೆಟ್ಟಾಗ ಅವನು ಅಲ್ಲಿದ್ದನು, ಕಂಡಿದ್ದನು, ಆದುದರಿಂದ ಅವನು ಬರಬೇಕು. ಬಂದು ಹೇಳಿ ಹೋದ ಮೇಲೂ ಮಾತಿಲ್ಲದಿರುವುದು ಹಾಗೆಯೇ ಮುಂದುವರಿಯಬಹುದು. ರಾಜಿಯೇ ಬೇರೆ, ಸಾಕ್ಷಿಯೇ ಬೇರೆ.

ಈ ಭೇದವನ್ನು ಅರಿಯದವರು ನಮ್ಮವರು ಮಾತ್ರವೇ ಅಲ್ಲ. ಜ್ಯೂರಿಕ್ಕಿನ ಪಾಲಿಟೆಕ್ನಿಕ್ಕಿನಲ್ಲಿ ಹೈನ್ರಿಕ್ ವೇಬರ್ ಎಂಬ ಭೌತವಿಜ್ಞಾನದ ಪ್ರಾಧ್ಯಾಪಕರಿದ್ದರು. ಅವರ ಪ್ರಯೋಗಶಾಲೆಯಲ್ಲಿ ಐನ್‌ಸ್ಟೈನ್ ಎಂಬ ಹುಡುಗನಿದ್ದನು. ಹೆರ್ ಪ್ರೊಫೆಸರ್ ಎನ್ನಬೇಕಾದಲ್ಲಿ ಬರಿದೆ ಹೆರ್ ವೇಬರ್ ಎಂದು ಕರೆಯುತ್ತಿದ್ದ ಆ ಹುಡುಗನ ಮೇಲೆ ಪ್ರಾಧ್ಯಾಪಕರಿಗೆ ಮುನಿಸು ಬೆಳೆಯಿತು. 1900ರಲ್ಲಿ ಪದವಿಯಾಯಿತು, ಸಹಾಯಕನ ಹುದ್ದೆ ಮಾತ್ರ ದೊರೆಯಲಿಲ್ಲ. ಯೂರೋಪಿನ ನಾನಾ ವಿಶ್ವವಿದ್ಯಾಲಯಗಳಿಗೆ ಮರುಟಪಾಲಿನ ಖರ್ಚನ್ನೂ ತಾನೇ ತೆತ್ತು ಕಾರ್ಡುಗಳನ್ನು ಬರೆದನು. ವೇಬರರ ಮಾತೇ ತನಗೆ ಅಡ್ಡವಾಗಿದೆಯೆಂದು ಅವನು ನಂಬಿದ್ದನು. 1901ರಲ್ಲಿ ಅವನ ತಂದೆ, ಮಗನಿಗೆ ತಿಳಿಯದಂತೆ, ಲೈಪ್‌ಜಿಗ್ಗಿನ ಓಸ್ಟ್‌ವಾಲ್ಡರಿಗೆ ಕಾಗದ ಬರೆದು ಮಗನಿಗೆ ಒಂದೆರಡು ಪ್ರೋತ್ಸಾಹದ ಮಾತನ್ನಾದರೂ ಬರೆಯಬೇಕೆಂದು ಕೇಳಿಕೊಂಡರು. ಹಿಂದಿನ ದಿನ ನನಗೆ ಫೋನು ಮಾಡಿದ ಅರಂತೋಡಿನ ತಂದೆಯ ಧ್ವನಿಯಲ್ಲಿ ನನಗೆ ಕೇಳಿಸಿದುದು ಆ ಕಾಗದವೇ. ಕೊನೆಗೆ ದಾರಿ ತೆರೆದುದು ಸಹಪಾಠಿ ಗ್ರಾಸ್‌ಮನ್ನನ ತಂದೆ ಆಡಿದ ಒಂದು ಮಾತಿನಿಂದ. 1902ರಲ್ಲಿ ಬರ್ನಿನ ಪೇಟೆಂಟು ಕಚೇರಿಯಲ್ಲಿ ಕೆಲಸವಾಯಿತು. ಉಳಿದುದು ಲೋಕವಿದಿತ. ಆದರೆ ಅಲ್ಲಿ ವೇಬರರು ತಾವು ಕಂಡುದನ್ನು ಕಂಡಂತೆ ಬರೆಯಲಿಲ್ಲವೆಂಬ ಅನುಮಾನಕ್ಕೆ ಎಡೆಯಿತ್ತರು ಎಂಬುದೊಂದೇ ಅವರ ಹೆಸರಿಗೆ ಇಂದು ಅಂಟಿಕೊಂಡಿದೆ; ಅವರ ಸ್ವಂತ ಸಂಶೋಧನೆಗಳನ್ನು ನೆನೆಯುವವರು ವಿರಳ.

ನಮ್ಮ ಬೆಂಗಳೂರಿನಲ್ಲೇ ನಡೆದ ಪ್ರಸಂಗವೊಂದನ್ನು ನಾನು ಆ ಹುಡುಗಿಗೆ ಸ್ವಲ್ಪ ವಿಸ್ತರಿಸಿ ಹೇಳಿದೆನು, ಏಕೆಂದರೆ ಅದು ಅವಳಿಗೆ ಗೊತ್ತಿರಲಿಲ್ಲ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿಯಲ್ಲಿ ಬಿ.ಎಸ್ಸಿ. ಮಾಡಿ, ಟಾಟಾ ಇನ್ಸ್ಟಿಟ್ಯೂಟೆಂದು ಹಿರಿಯರು ಇಂದಿಗೂ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಳು. ಅವಳ ತಂದೆಯೂ ತಂದೆಯ ಸೋದರನೂ ಅದೇ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಕಲಿತವರು. ಆ ವರ್ಷವೇ ನಿರ್ದೇಶಕರಾಗಿ ಬಂದಿದ್ದ ಸರ್ ಸಿ. ವಿ. ರಾಮನ್ನರು, ಹೆಣ್ಣೆಂಬ ಕಾರಣಕ್ಕೆ, ಸೇರಿಸಿಕೊಳ್ಳಲು ಒಪ್ಪಲಿಲ್ಲ. ಅವಳು ಬೆಂಗಳೂರಿಗೇ ಬಂದು, ಕಾರಣ ಕೇಳಿ, ಗಾಂಧೀಜಿಯ ಮಾರ್ಗದಲ್ಲಿ ಅವರ ಕಚೇರಿಯೆದುರು ಸತ್ಯಾಗ್ರಹಕ್ಕೆ ಕುಳಿತಳು. ರಾಮನ್ನರು ಬಾಗಿದರು, ಆದರೆ ಷರತ್ತುಗಳೊಡನೆ: ಮೊದಲ ವರ್ಷ ಕ್ರಮದ ವಿದ್ಯಾರ್ಥಿನಿಯೆಂದು ಗಣಿಸತಕ್ಕುದಲ್ಲ, ಮಾರ್ಗದರ್ಶಕರು ಹೇಳಿದರೆ ರಾತ್ರಿಯ ಹೊತ್ತಿನಲ್ಲೂ ಕೆಲಸ ಮಾಡಬೇಕು, ಪ್ರಯೋಗಶಾಲೆಯ ವಾತಾವರಣವನ್ನು ಕೆಡಿಸಬಾರದು. ಮೂರನೆಯ ಷರತ್ತನ್ನು ಓದುವಾಗ ಇಂದೂ ಮೈ ಉರಿಯುತ್ತದೆ.

ಅವಳು ಒಪ್ಪಿಕೊಂಡಳು. ಶ್ರೀನಿವಾಸಯ್ಯನವರೆಂಬ ಕಟ್ಟುನಿಟ್ಟಿನ ಮಾರ್ಗದರ್ಶಕರ ಕೈಕೆಳಗೆ ಹಾಲಿನ, ಬೇಳೆಕಾಳುಗಳ ಪ್ರೋಟೀನುಗಳನ್ನು ಕುರಿತು ಕೆಲಸ ಮಾಡಿದಳು. ವರ್ಷ ಮುಗಿಯುವ ಹೊತ್ತಿಗೆ ರಾಮನ್ನರಿಗೆ ತೃಪ್ತಿಯಾಗಿ ಕ್ರಮದ ಸಂಶೋಧನೆಗೆ ಅನುಮತಿ ದೊರೆಯಿತು. ಅಲ್ಲಿಂದಾಚೆಗೆ ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. 1936ರಲ್ಲಿ ಎಂ.ಎಸ್ಸಿ., ಬಳಿಕ ಕೇಂಬ್ರಿಜ್, 1939ರಲ್ಲಿ ಪಿಎಚ್.ಡಿ.; ಸಸ್ಯಕೋಶಗಳಲ್ಲಿ ಸೈಟೋಕ್ರೋಮ್ ಸಿ ಇರುವುದನ್ನು ತೋರಿಸಿದ ಆ ಪ್ರಬಂಧ ಕೇವಲ 40 ಪುಟದ್ದು. ಮದುವೆಯ ಬಳಿಕ ಕಮಲಾ ಸೊಹೊನಿಯೆಂದು ಹೆಸರಾದ ಆಕೆ, ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆಯೆಂದು ಗಣಿತರಾದ ಮೇಲೂ, ರಾಮನ್ನರು ತನ್ನನ್ನು ನಡೆಸಿಕೊಂಡ ರೀತಿಯನ್ನು ಮರೆಯಲಿಲ್ಲ. ಮುಪ್ಪಿನಲ್ಲಿಯೂ ಅದನ್ನು ಬಹಿರಂಗವಾಗಿ ಆಡಿದರು. ನನಗೆ ಈ ಕಥೆಯಲ್ಲಿ ಹಿಡಿಸುವುದು ಅದೇ. ಆಕೆ ಕ್ಷಮಿಸಿದಳೆಂದಾಗಲಿ, ಗುರುಪಾದಕ್ಕೆರಗಿದಳೆಂದಾಗಲಿ ಹೇಳುವಂತಿಲ್ಲ. ರಾಮನ್ನರು ತಮ್ಮ ಮಾತು ತಪ್ಪೆಂದು ಹೇಳಿದರೆಂದೂ ಇಲ್ಲ. ನಡುವೆ ಒಂದು ವರ್ಷದ ಕೆಲಸವಿದ್ದಿತು, ಅದನ್ನು ಅವರು ಕಂಡರು, ಕಂಡ ಮೇಲೆ ಕಾಣಲಿಲ್ಲವೆನ್ನಲಿಲ್ಲ.

ಅದೇ ರಾಮನ್ನರ ಪ್ರಯೋಗಶಾಲೆಯಲ್ಲಿ 1940ರಿಂದ 1945ರವರೆಗೆ ವಜ್ರ ಮಾಣಿಕ್ಯಗಳ ಬೆಳಕನ್ನು ಅಭ್ಯಸಿಸಿದ ಅನ್ನಾ ಮಣಿಯವರಿಗೆ ಮದ್ರಾಸು ವಿಶ್ವವಿದ್ಯಾಲಯವು, ಎಂ.ಎಸ್ಸಿ. ಇಲ್ಲವೆಂಬ ನೆಪದಿಂದ, ಪಿಎಚ್.ಡಿ.ಯನ್ನೇ ಕೊಡಲಿಲ್ಲ. ಆಕೆ ಲಂಡನ್ನಿಗೆ ಹೋಗಿ ಹವಾಮಾನದ ಉಪಕರಣಗಳನ್ನು ಕಲಿತು ಬಂದು ನಮ್ಮ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕರ ಪದವಿಯವರೆಗೆ ಏರಿದರು. ಕಾಗದವಿಲ್ಲದೆಯೂ ಕೆಲಸವು ಉಳಿಯುವುದುಂಟು ಎಂದು ಹುಡುಗಿಗೆ ಧೈರ್ಯ ಹೇಳಲು ಹೊರಟೆನು. ಅವಳು, “ಅದು ಆಗ ಸರ್. ಈಗ ಪೋರ್ಟಲಿನಲ್ಲಿ ಮೂರು ಲೆಟರ್ ಬಾರದಿದ್ದರೆ ಅರ್ಜಿ ಸಬ್ಮಿಟ್ಟೇ ಆಗುವುದಿಲ್ಲ” ಎಂದಳು. ಸರಿಯಾದ ಮಾತು.

ಮುನಿಸಿಲ್ಲದ ಗುರುಶಿಷ್ಯರೂ ಉಂಟು. ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರು ಹಾರ್ವರ್ಡಿನಲ್ಲಿ ತಮಗೆ ಗುರುಗಳಾಗಿದ್ದ ಇರ್ವಿಂಗ್ ಬೈಲಿಯವರ ಹೆಸರನ್ನು ಒಂದು ಸಸ್ಯಕ್ಕೆ ಇಟ್ಟು, ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಎಂದು ಸಸ್ಯಶಾಸ್ತ್ರದಲ್ಲಿ ಉಳಿಸಿದರು. ಶಿಷ್ಯನು ಗುರುವಿಗೆ ಕೊಟ್ಟ ಶಿಫಾರಸು ಪತ್ರವೆಂದರೆ ಅದು. ಅದೇ ಸ್ವಾಮಿಯವರು ‘ಕಾಲೇಜು ರಂಗ’ದಲ್ಲಿಯೂ ‘ಪ್ರಾಧ್ಯಾಪಕನ ಪೀಠದಲ್ಲಿ’ ಎಂಬ ಪುಸ್ತಕದಲ್ಲಿಯೂ ನಮ್ಮ ಅಧ್ಯಾಪಕವರ್ಗವನ್ನು ಹೇಗೆ ಜಾಲಾಡಿದ್ದಾರೆಂಬುದನ್ನು ಓದಿದವರು ಬಲ್ಲರು. ಓದುವಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಕೆಲವು ಪುಟಗಳಲ್ಲಿ ನಕ್ಕು, ಆಮೇಲೆ ಪುಸ್ತಕವನ್ನು ಮಡಚಿಟ್ಟಿದ್ದೇನೆ.

ಮಡಚಿಟ್ಟುದಕ್ಕೆ ಕಾರಣವಿದೆ. ಅದನ್ನು ಆ ದಿನ ಹುಡುಗಿಗೆ ಹೇಳಿದಂತೆಯೇ ಇಲ್ಲಿಯೂ ಹೇಳುತ್ತೇನೆ.

ಪುತ್ತೂರಿಗೆ ಗೇರು ಸಂಶೋಧನಾ ಕೇಂದ್ರವೂ ಕ್ಯಾಂಪ್ಕೋದ ಚಾಕಲೇಟು ಕಾರ್ಖಾನೆಯೂ ಬಂದ ವರ್ಷ, ಅಂದರೆ 1986ರ ಸುಮಾರಿನಲ್ಲಿ, ನಾನು ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಪ್ರಯೋಗಶಾಲೆಯ ಉಸ್ತುವಾರಿಯಲ್ಲಿದ್ದೆನು. ಕಡಬದ ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬನಿದ್ದನು. ಮಾತು ಕಡಿಮೆ, ಕೈ ಬಹಳ ನಯ. ಆ ದಿನದ ಪ್ರಯೋಗವು ಮೈಲುತುತ್ತಿನಲ್ಲಿರುವ ತಾಮ್ರವನ್ನು ಅಳೆಯುವುದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ಮನೆಗಳ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪ್ರಯೋಗ ಇನ್ನೊಂದಿಲ್ಲವೆಂದು ನಾನು ಪೇಟೆಯ ಅಂಗಡಿಯಿಂದಲೇ ಮೈಲುತುತ್ತು ತರಿಸಿದ್ದೆನು. ಅದನ್ನು ನೀರಿನಲ್ಲಿ ಕರಗಿಸಿ ಪೊಟಾಸಿಯಂ ಅಯೊಡೈಡ್ ಬೆರೆಸಿದರೆ ಅಯೊಡಿನ್ ಬಿಡುಗಡೆಯಾಗಿ ಕಂದುಬಣ್ಣ ಮೂಡುತ್ತದೆ. ಬ್ಯುರೆಟ್ಟಿನಿಂದ ಹೈಪೋ ದ್ರಾವಣವನ್ನು ತೊಟ್ಟುತೊಟ್ಟಾಗಿ ಬಿಡುತ್ತ ಬಂದಂತೆ ಬಣ್ಣವು ಒಣಹುಲ್ಲಿನಷ್ಟು ತಿಳಿಯಾಗುವುದು. ಆಗ ಗಂಜಿಯ ದ್ರಾವಣ ಹಾಕಿದರೆ ಕಡುನೀಲಿ. ಆ ನೀಲಿಯು ಒಂದೇ ತೊಟ್ಟಿಗೆ ಹಾರಿಹೋಗಿ ತಳದಲ್ಲಿ ಹಾಲುಬಿಳುಪಿನ ಗಸಿಯುಳಿದ ಕ್ಷಣದಲ್ಲಿ ಕೈ ನಿಲ್ಲಬೇಕು. ಹುಡುಗನ ಕೈ ನಿಲ್ಲುತ್ತಿತ್ತು. ಆದರೆ ಲೆಕ್ಕದಲ್ಲಿ ಅವನಿಗೆ ತಾಮ್ರವು ನೂರಕ್ಕೆ 27ರ ಹತ್ತಿರ ಬಂತು.

ನಾನು ಎಲ್ಲರೆದುರಿಗೆ, “ಬ್ಯುರೆಟ್ಟನ್ನು ಕಣ್ಣಿನ ಮಟ್ಟಕ್ಕಿಟ್ಟು ಓದುವುದನ್ನು ಮೊದಲು ಕಲಿ” ಎಂದೆನು.

ಅವನು ಮೆಲ್ಲಗೆ ಹೇಳಿದನು: “ಶುದ್ಧ ಹರಳಿನಲ್ಲಿಯೇ ಇರುವುದು ಇಪ್ಪತ್ತೈದೂವರೆ ಸರ್. ಅಂಗಡಿಯ ಮೈಲುತುತ್ತಿನಲ್ಲಿ ಇಪ್ಪತ್ತೇಳು ಎಲ್ಲಿಂದ ಬರುವುದು? ಮೂರು ಸಲ ಮಾಡಿದೆ. ಹೈಪೋ ಹಳತಾಗಿರಬೇಕು.”

ಹೈಪೋ ದ್ರಾವಣವು ಇಟ್ಟಲ್ಲಿಯೇ ಕ್ರಮೇಣ ಸತ್ವಗುಂದುವುದು ರಸಾಯನಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಸತ್ವ ಕುಗ್ಗಿದ ದ್ರಾವಣ ಹೆಚ್ಚು ಖರ್ಚಾಗುತ್ತದೆ, ಹೆಚ್ಚು ಖರ್ಚಾದಷ್ಟೂ ತಾಮ್ರ ಹೆಚ್ಚಿದಂತೆ ತೋರುತ್ತದೆ. ಬಾಟಲಿಯ ಮೇಲಿನ ಸಾಂದ್ರತೆಯ ಚೀಟಿಯನ್ನು ಬರೆದವನು ನಾನು. ಬರೆದು ತಿಂಗಳುಗಳೇ ಕಳೆದಿದ್ದವು. ತರಗತಿಯಲ್ಲಿ ನಾನು ಒಪ್ಪಿಕೊಳ್ಳಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿಕೊಂಡು ಡೈಕ್ರೋಮೇಟಿನೊಡನೆ ತಾಳೆ ನೋಡಿದೆನು. ಹುಡುಗನ ಮಾತು ಅಕ್ಷರಶಃ ನಿಜವಾಗಿತ್ತು. ಬಾಟಲಿಯನ್ನು ಚೆಲ್ಲಿ, ಹೊಸ ದ್ರಾವಣ ಮಾಡಿಟ್ಟು, ಯಾರಿಗೂ ಹೇಳದೆ ಮನೆಗೆ ಹೋದೆನು.

ಮರುವರ್ಷ ಅವನು ಪ್ರಯೋಗಶಾಲೆಯ ಸಹಾಯಕನ ಕೆಲಸವೊಂದಕ್ಕೆ ಅರ್ಜಿ ಹಾಕಲು ನನ್ನಲ್ಲಿ ಪತ್ರ ಕೇಳಲು ಬಂದನು. ಬಾಗಿಲ ಬಳಿ ಅವನು ಚಪ್ಪಲಿ ಬಿಟ್ಟು ನಿಂತುದು ನನಗೆ ಈಗಲೂ ಕಾಣುತ್ತಿದೆ. ಬರೆದುಕೊಟ್ಟೆನು. ಹಾಜರಿ ಕ್ರಮವಾಗಿದೆ, ನಡತೆ ತೃಪ್ತಿಕರ, ಮೇಲ್ವಿಚಾರಣೆಯಲ್ಲಿ ಕೊಟ್ಟ ಕೆಲಸವನ್ನು ಮಾಡಬಲ್ಲನು. ಸುಳ್ಳೆನ್ನಬಹುದಾದ ಒಂದು ಪದವೂ ಅದರಲ್ಲಿರಲಿಲ್ಲ. ವಿಷವು ‘ಮೇಲ್ವಿಚಾರಣೆಯಲ್ಲಿ’ ಎಂಬ ಒಂದೇ ಮಾತಿನಲ್ಲಿದ್ದಿತು. ಅದನ್ನು ಬರೆಯುವಾಗ ನನಗೆ ಅದು ಗೊತ್ತೂ ಇದ್ದಿತು. ಕೆಲಸ ಅವನಿಗೆ ಸಿಗಲಿಲ್ಲ.

ಅವನು ಈಗ ಕಡಬದಿಂದ ನೆಟ್ಟಣಕ್ಕೆ ಹೋಗುವ ದಾರಿಯ ಬದಿಯಲ್ಲಿ ನರ್ಸರಿ ಇಟ್ಟಿದ್ದಾನೆ. ಕಿದುವಿನಲ್ಲಿರುವ ತೆಂಗಿನ ತಳಿಗಳ ಕೇಂದ್ರವು ಅಲ್ಲಿಂದ ಬಹಳ ದೂರವಿಲ್ಲ. ತೆಂಗಿನ ಸಸಿ ಬೇಕಾದವರು ಅತ್ತ ಹೋಗುತ್ತಾರೆ, ಗೇರಿನ ಕಸಿಗಿಡ ಬೇಕಾದವರು ಇವನಲ್ಲಿಗೆ ಬರುತ್ತಾರೆ. ಪುತ್ತೂರಿನ ಸೋಮವಾರದ ಸಂತೆಯಲ್ಲಿ ಎಷ್ಟೋ ವರ್ಷಗಳ ಬಳಿಕ ಅವನೇ ನನ್ನನ್ನು ಗುರುತಿಸಿ ಮಾತಾಡಿಸಿದನು. ಮುಂದೊಂದು ದಿನ ನಾನು ಅವನ ಮನೆಗೆ ಹೋದೆನು. ಅವನು ಕಸಿ ಕಟ್ಟುತ್ತ ಕುಳಿತಿದ್ದನು. ಎರಡು ತಿಂಗಳ ಸಸಿಯ ತಲೆಯನ್ನು ಕತ್ತರಿಸಿ, ಮೆದುವಾದ ಕಾಂಡವನ್ನು ನಡುವೆ ಸೀಳಿ, ಹತ್ತು ದಿನ ಮೊದಲೇ ಎಲೆ ಚಿವುಟಿ ಮರದಲ್ಲಿ ಬಿಟ್ಟಿದ್ದ, ಪೆನ್ಸಿಲಿನಷ್ಟು ದಪ್ಪದ ಕಡ್ಡಿಯ ಬುಡವನ್ನು ಬೆಣೆಯಂತೆ ಎರಡೂ ಕಡೆ ಹೆರೆದು, ಸೀಳಿನಲ್ಲಿಳಿಸಿ, ತೊಗಟೆಗೆ ತೊಗಟೆ ಕೂಡುವಂತೆ ಪ್ಲಾಸ್ಟಿಕ್ಕಿನ ಪಟ್ಟಿ ಸುತ್ತಿ, ತುದಿಗೆ ಒದ್ದೆ ಮಾಡಿದ ಕೊಳವೆಯ ಟೊಪ್ಪಿ ತೊಡಿಸುವನು. ಒಂದು ಗಿಡಕ್ಕೆ ಒಂದು ನಿಮಿಷವೂ ಹಿಡಿಯುತ್ತಿರಲಿಲ್ಲ. ಬ್ಯುರೆಟ್ಟಿನ ತಿರುಪನ್ನು ಹಿಡಿದಿದ್ದ ಕೈ ಅದೇ.

ನಾನೇ ಮಾತು ತೆಗೆದೆನು. “ಆ ದಿನ ಹೈಪೋ ಹಳತಾಗಿತ್ತು.”

“ಅದು ಗೊತ್ತಿತ್ತು ಸರ್” ಎಂದನು, ತಲೆಯೆತ್ತದೆ. “ಮುಂದಿನ ವಾರ ಬಾಟಲಿಯ ಚೀಟಿ ಬದಲಾಗಿತ್ತಲ್ಲ.”

ಸ್ವಲ್ಪ ಹೊತ್ತಿನ ಮೇಲೆ, ಇನ್ನೊಂದು ಕಡ್ಡಿಯನ್ನು ಹೆರೆಯುತ್ತ, “ನಿಮ್ಮ ಲೆಟರನ್ನೂ ನಾನು ಓದಿದ್ದೆ. ಲಕೋಟೆಗೆ ಅಂಟು ಸರಿಯಾಗಿ ಹಿಡಿದಿರಲಿಲ್ಲ. ಸುಳ್ಳೇನೂ ಬರೆದಿರಲಿಲ್ಲ ನೀವು” ಎಂದನು. ಹೊರಡುವಾಗ ಎರಡು ಕಸಿಗಿಡಗಳನ್ನು ಚೀಲದಲ್ಲಿಟ್ಟುಕೊಟ್ಟನು, ದುಡ್ಡು ತೆಗೆದುಕೊಳ್ಳಲಿಲ್ಲ. ಅವು ನಮ್ಮ ಹಿತ್ತಲಿನಲ್ಲಿ ಕಾಯಿ ಕೊಡುತ್ತಿವೆ.

*

ಹುಡುಗಿ ಇದನ್ನು ಕೇಳಿ ಏನೂ ಅನ್ನಲಿಲ್ಲ. ಕಷಾಯ ಆರಿಹೋಗಿತ್ತು, ಅದನ್ನು ಒಂದೇ ಗುಟುಕಿಗೆ ಕುಡಿದು, “ಹಾಗಾದರೆ ನನ್ನ ಗೈಡೂ ಅಂಥದೇ ಬರೆದರೆ?” ಎಂದಳು. ಪ್ರಶ್ನೆ ಯುಕ್ತವಾದುದು. ಆದುದರಿಂದಲೇ ಪತ್ರ ಕೇಳುವಾಗ ನಿರಾಕರಿಸುವ ದಾರಿಯನ್ನು ಅವರಿಗೆ ತೆರೆದಿಟ್ಟು ಕೇಳಬೇಕೆಂದು ನಾನು ಹೇಳಿದೆನು. ಒಲ್ಲೆನೆಂಬ ಒಂದು ಮಾತು ಅರೆಮನಸ್ಸಿನ ಮೂರು ಸಾಲುಗಳಿಗಿಂತ ಎಷ್ಟೋ ಮೇಲು. ಒಲ್ಲೆನೆಂದವರ ಬದಲಿಗೆ ಇನ್ನೊಬ್ಬರನ್ನು ಹುಡುಕಬಹುದು, ಅರೆಮನಸ್ಸಿನ ಪತ್ರವು ಹೋಗಿ ಸೇರಿದುದೇ ನಮಗೆ ತಿಳಿಯುವುದಿಲ್ಲ. ಅಮೆರಿಕದಲ್ಲಿ 1974ರ ಕಾಯಿದೆಯೊಂದು ವಿದ್ಯಾರ್ಥಿಗೆ ತನ್ನ ಕಡತದ ಇಂಥ ಪತ್ರಗಳನ್ನು ನೋಡುವ ಹಕ್ಕನ್ನು ಕೊಟ್ಟಿದೆಯಾದರೂ, ಅರ್ಜಿ ಹಾಕುವವರು ಸಾಮಾನ್ಯವಾಗಿ ಆ ಹಕ್ಕನ್ನು ತಾವೇ ಬರೆದುಕೊಟ್ಟು ಬಿಡುತ್ತಾರೆ. ಗುಟ್ಟಾಗಿ ಬರೆದುದಕ್ಕೇ ಬೆಲೆ ಹೆಚ್ಚೆಂದು ಓದುವವರ ನಂಬಿಕೆ. ಅವಳು ಹೋಗಬೇಕೆಂದಿರುವ ಜರ್ಮನಿಯಲ್ಲಿ ಕೆಲಸ ಬಿಟ್ಟವನಿಗೆ ಯಜಮಾನನು ಪ್ರಮಾಣಪತ್ರ ಕೊಡಲೇಬೇಕೆಂಬುದು ಕಾನೂನು, ಮತ್ತು ಅದು ಸತ್ಯವೂ ಆಗಿರಬೇಕು, ಹಿತಚಿಂತನೆಯದೂ ಆಗಿರಬೇಕು. ಈ ಎರಡು ದೋಣಿಗಳ ಮೇಲೆ ಕಾಲಿಟ್ಟ ಯಜಮಾನರು ಒಂದು ಸಂಕೇತಭಾಷೆಯನ್ನೇ ಕಟ್ಟಿಕೊಂಡಿದ್ದಾರೆ: ಸದಾ ನಮ್ಮ ಪೂರ್ಣಾತಿಪೂರ್ಣ ತೃಪ್ತಿಗೆ ದುಡಿದನೆಂದರೆ ಬಹಳ ಒಳ್ಳೆಯವನು, ಬರಿದೆ ತೃಪ್ತಿಗೆ ದುಡಿದನೆಂದರೆ ಸಾಧಾರಣ, ಪ್ರಯತ್ನಪಟ್ಟನೆಂದು ಬರೆದರೆ ಮುಗಿಯಿತು. ನನ್ನ ‘ಮೇಲ್ವಿಚಾರಣೆಯಲ್ಲಿ’ ಆ ಭಾಷೆಗೆ ಸೇರಬೇಕಾದ ಮಾತೇ.

ಆಮೇಲೆ ಇಬ್ಬರೂ ಕುಳಿತು ಮೈಲನ್ನು ಬರೆದೆವು. ಅವಳ ಮೊದಲ ಕರಡಿನಲ್ಲಿ ಒಂದಿಡೀ ಪ್ಯಾರಾ ಕ್ಷಮಾಯಾಚನೆಯೂ, ಇನ್ನೊಂದು ಪ್ಯಾರಾ ಆ ಎರಡು ಮರಗಳ ವಿಷಯದಲ್ಲಿ ತಾನು ಹಾಗೇಕೆ ಹೇಳಿದೆನೆಂಬ ಸಮರ್ಥನೆಯೂ ಇದ್ದವು. ಒಂದು ಕೈಯಿಂದ ಕಾಲು ಹಿಡಿದು ಇನ್ನೊಂದು ಕೈಯಿಂದ ಜುಟ್ಟು ಹಿಡಿದಂತಿದ್ದಿತು. ಎರಡನ್ನೂ ತೆಗೆಸಿದೆನು. ಮುಖ್ಯಸ್ಥರಿಗೆ ಪ್ರತಿ ಕಳುಹಿಸಿದುದು ಮಾತ್ರ ಅವಳದೇ ತಪ್ಪಾದುದರಿಂದ, ಅಂದು ಹಾಗೆ ಮಾಡಬಾರದಿತ್ತೆಂಬ ಒಂದೇ ವಾಕ್ಯ ಉಳಿಯಿತು. ಉಳಿದುದೆಲ್ಲ ಕೆಲಸದ ಲೆಕ್ಕ: ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ಎಷ್ಟು ತೋಟಗಳಿಂದ ಮಾದರಿ ತಂದುದು, ಯಾವ ವಿಧಾನವನ್ನು ತಾನೇ ಸ್ಥಿರಪಡಿಸಿದುದು, ಹೊಸಬರಿಬ್ಬರಿಗೆ ಕಲಿಸಿದುದು. ಕೊನೆಗೆ, ಈ ಎರಡೂವರೆ ವರ್ಷದ ಕೆಲಸವನ್ನು ಹತ್ತಿರದಿಂದ ಕಂಡವರು ತಾವೊಬ್ಬರೇ ಆದುದರಿಂದ ಕೇಳುತ್ತಿದ್ದೇನೆ, ಅನುಕೂಲವಾದ ಪತ್ರ ಬರೆಯಲು ಸಾಧ್ಯವಿಲ್ಲವೆಂದು ತೋರಿದಲ್ಲಿ ದಯವಿಟ್ಟು ಹಾಗೆಂದೇ ತಿಳಿಸಬೇಕು, ನನಗೆ ಬೇಸರವಿಲ್ಲ ಎಂದು. ‘ಬೇಸರವಿಲ್ಲ’ ಎಂಬುದನ್ನು ಬರೆಯಲು ಅವಳು ಹಿಂದೆಮುಂದೆ ನೋಡಿದಳು. “ಬೇಸರ ಉಂಟಲ್ಲ ಸರ್” ಎಂದಳು. ಹಾಗಾದರೆ ತೆಗೆದುಬಿಡು ಎಂದೆನು. ತೆಗೆದಳು.

ಅವರು ಒಲ್ಲೆನೆಂದರೆ ಏನು ಮಾಡುವುದೆಂಬುದನ್ನೂ ಯೋಚಿಸಿದೆವು. ಅದೇ ಪ್ರಾಜೆಕ್ಟಿನಲ್ಲಿ ಪಾಲುದಾರರಾಗಿದ್ದ ಇನ್ನೊಂದು ಸಂಸ್ಥೆಯ ವಿಜ್ಞಾನಿಯೊಬ್ಬರಿದ್ದಾರೆ; ಅವಳು ಮಾದರಿಗಳನ್ನು ಕಟ್ಟಿ ಕಳುಹಿಸುತ್ತಿದ್ದುದನ್ನೂ ಬರೆದ ವರದಿಗಳನ್ನೂ ಅವರು ಕಂಡವರು. ಮೇಲ್ವಿಚಾರಕರ ಪತ್ರ ಏಕಿಲ್ಲವೆಂಬುದನ್ನು ಅರ್ಜಿಯಲ್ಲಿ ಒಂದು ಸಾಲಿನಲ್ಲಿ, ದೂರಿಲ್ಲದೆ, ತಿಳಿಸಿದರಾಯಿತು. ಪ್ರತೀಕಾರವೋ ಕಿರುಕುಳವೋ ನಡೆದಿದ್ದ ಪಕ್ಷದಲ್ಲಿ ಮಾರ್ಗವೇ ಬೇರೆ; ಯುಜಿಸಿಯ 2023ರ ನಿಯಮದಂತೆ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳ ದೂರಿಗೆ ಸಮಿತಿಯೂ ಅದರ ಮೇಲೆ ಓಂಬುಡ್ಸ್‌ಪರ್ಸನ್ನರೂ ಇರತಕ್ಕುದು. ಇವಳದು ಅದಲ್ಲವೆಂದು ಇವಳೇ ಹೇಳಿದಳು. ಹೆಸರು ಮೂರನೆಯದಕ್ಕೆ ಇಳಿದುದು ಮಾತ್ರ ಅವಳಿಗೆ ಇನ್ನೂ ನುಂಗಲಾರದ ತುತ್ತು. ಅದನ್ನು ನುಂಗೆಂದು ಹೇಳಲು ನನಗೂ ಬಾಯಿ ಬರಲಿಲ್ಲ.

ಮಳೆ ಸ್ವಲ್ಪ ಹೊಳವಾದಾಗ ಅವಳು ಕಡತವನ್ನು ಮತ್ತೆ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿ, ಐದೂಕಾಲರ ಬಸ್ಸಿಗೆಂದು ಹೊರಟಳು. ಮೈಲನ್ನು ಅಂದು ರಾತ್ರಿ ಕಳುಹಿಸಬೇಡ, ಬೆಳಗ್ಗೆ ಎದ್ದು ಇನ್ನೊಮ್ಮೆ ಓದಿ ಕಳುಹಿಸು ಎಂದು ಅಂಗಳದವರೆಗೆ ಹೋಗಿ ಹೇಳಿ ಬಂದೆನು.

ಒಂಬತ್ತು ದಿನ ಸುದ್ದಿಯಿಲ್ಲ. ಹತ್ತನೆಯ ದಿನ ಸಂಜೆ ಫೋನು ಬಂತು. ಗೈಡಿನಿಂದ ಉತ್ತರ ಬಂದಿದೆಯಂತೆ. ಸಂಬೋಧನೆಯಿಲ್ಲ, ಸಹಿಯಿಲ್ಲ, ಒಂದೇ ಸಾಲು: ಕೊನೆಯ ದಿನಾಂಕ ಯಾವುದು?

“ಇದರ ಅರ್ಥ ಎಂತ ಸರ್?” ಎಂದಳು. ಅವಳ ಹಿಂದೆ ತಂದೆ ಏನೋ ಹೇಳುತ್ತಿದ್ದುದೂ, ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿದ್ದುದೂ ಕೇಳಿಸುತ್ತಿದ್ದಿತು.

“ಕೊನೆಯ ದಿನಾಂಕ ಯಾವುದೆಂದು ಬರೆ” ಎಂದೆನು.